ಸಾಕ್ಷ್ಯವೂ ವಾದ್ಯವೃಂದವೂ: ಅಮೆರಿಕದ ನಾಗರಿಕ ಹಕ್ಕುಗಳ ಚಿತ್ರಗಳಲ್ಲಿ ಸಂಗೀತರಚನೆ

ಇತಿಹಾಸದ ಆಕರಗಳನ್ನು ಕುರಿತು ಪಾಠ ಹೇಳುವಾಗ ನಾವು ಶಾಸನ, ನಾಣ್ಯ, ದಫ್ತರು, ಪತ್ರವ್ಯವಹಾರ, ವೃತ್ತಪತ್ರಿಕೆ ಎಂದು ಒಂದೊಂದಾಗಿ ಹೆಸರಿಸಿ, ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಸಾಕ್ಷ್ಯಚಿತ್ರವನ್ನೂ ಆ ಪಟ್ಟಿಗೆ ಸೇರಿಸುತ್ತೇವೆ. ಶಾಸನವನ್ನು ಪರೀಕ್ಷಿಸುವ ಬಗೆ ನಮಗೆ ತಿಳಿದದ್ದೇ: ಲಿಪಿಯಾವುದು, ಭಾಷೆಯಾವುದು, ಬರೆಯಿಸಿದವನ ಉದ್ದೇಶವೇನು ಎಂದು ಕೇಳುತ್ತೇವೆ. ಸಾಕ್ಷ್ಯಚಿತ್ರದ ವಿಷಯದಲ್ಲಿಯೂ ದೃಶ್ಯವನ್ನು ಎಲ್ಲಿ ಯಾವಾಗ ತೆಗೆದರು, ವ್ಯಾಖ್ಯಾನದ ಮಾತನ್ನು ಯಾರು ಬರೆದರು ಎಂಬಷ್ಟನ್ನು ವಿಚಾರಿಸುವ ವಾಡಿಕೆಯಿದೆ. ಆದರೆ ಚಿತ್ರದ ಉದ್ದಕ್ಕೂ ಕೇಳಿಬರುವ ವಾದ್ಯಸಂಗೀತವನ್ನು ಯಾರೂ ಕಟಕಟೆಗೆ ಕರೆಯುವುದಿಲ್ಲ. ಅದು ಹಿನ್ನೆಲೆಯೆಂದು ಹೆಸರು ಪಡೆದು, ಆ ಹೆಸರಿನ ಮರೆಯಲ್ಲಿಯೇ ತಪ್ಪಿಸಿಕೊಂಡುಬಿಡುತ್ತದೆ.

ಈ ಪ್ರಶ್ನೆ ನನಗೆ ಮೊದಲು ಎದುರಾದದ್ದು ತರಗತಿಯಲ್ಲಿ. ಅಮೆರಿಕದ ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದ ವಿದ್ಯಾರ್ಥಿಗಳಿಗೆ 'ನೇಟಿವ್ ಲ್ಯಾಂಡ್' ಎಂಬ ಚಿತ್ರದ ಒಂದು ಭಾಗವನ್ನು ತೋರಿಸಿ, ಅದರಿಂದ ತಿಳಿದ ಸಂಗತಿಗಳನ್ನು ಬರೆಯುವಂತೆ ಹೇಳಿದೆ. ಬಂದ ಉತ್ತರಗಳಲ್ಲಿ ಕೆಲವು ಸಂಗತಿಗಳು ದೃಶ್ಯದಲ್ಲಿಯೂ ಇರಲಿಲ್ಲ, ವ್ಯಾಖ್ಯಾನದಲ್ಲಿಯೂ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿಯು ಕೊಲೆಗೀಡಾದವರಿಗೆ ತಮ್ಮ ಗತಿ ಮೊದಲೇ ತಿಳಿದಿತ್ತೆಂದು ಬರೆದಿದ್ದಳು. ಆಧಾರವೇನೆಂದು ಕೇಳಿದೆ. ಧ್ವನಿಯನ್ನು ಪೂರ್ಣವಾಗಿ ನಿಲ್ಲಿಸಿ ಅದೇ ಭಾಗವನ್ನು ಮತ್ತೆ ನೋಡಿದೆವು. ಆಧಾರ ಸಿಕ್ಕಲಿಲ್ಲ. ಅವಳಿಗೆ ಆ ಸಂಗತಿಯನ್ನು ತಿಳಿಸಿದುದು ವಾದ್ಯವೃಂದ. ಅವಳು ತಪ್ಪು ಮಾಡಿದಳೆಂದು ನಾನು ಹೇಳಲಾರೆ. ಸಂಗೀತರಚಕನು ಹೇಳಬೇಕೆಂದು ಬಯಸಿದುದನ್ನು ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಅದನ್ನು ಹೇಳಿದವರು ಯಾರೆಂಬುದನ್ನು ಮಾತ್ರ ಗುರುತಿಸಿರಲಿಲ್ಲ.

ಪ್ರಸ್ತುತ ಲೇಖನದಲ್ಲಿ ಅಂತಹ ಸಂಗೀತವನ್ನು ರಚಿಸುವುದು ಹೇಗೆ, ಅದರಲ್ಲಿ ರಚಕನಿಗೆ ಒದಗುವ ತೊಡಕುಗಳೇನು, ಇತಿಹಾಸದ ವಿದ್ಯಾರ್ಥಿಯು ಅದನ್ನು ಹೇಗೆ ಓದಬೇಕು ಎಂಬುದನ್ನು ಮುಖ್ಯವಾಗಿ ಎರಡು ಚಿತ್ರಗಳ ಆಧಾರದಿಂದ ವಿವರಿಸಲು ಯತ್ನಿಸಿದೆ. ನಾನು ಸಂಗೀತಶಾಸ್ತ್ರಜ್ಞನಲ್ಲ. ಆದರೆ ಸಾಕ್ಷ್ಯವನ್ನು ತೂಗಿನೋಡುವುದು ನಮ್ಮ ಕಸುಬಾದುದರಿಂದ ಈ ಕ್ಷೇತ್ರಕ್ಕೆ ಕಾಲಿಡುವ ಧೈರ್ಯ ಮಾಡಿದ್ದೇನೆ.

ಮೊದಲು ಹಿನ್ನೆಲೆಯನ್ನು ತಿಳಿಯಬೇಕು. ೧೯೩೦ರ ದಶಕದ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಂಘ ಕಟ್ಟುವ ಹಕ್ಕು, ಸಭೆ ಸೇರುವ ಹಕ್ಕು, ಮಾತನಾಡುವ ಹಕ್ಕು ಇವು ಸಂವಿಧಾನದ ಪುಟಗಳಲ್ಲಿ ಭದ್ರವಾಗಿದ್ದರೂ ಕಾರ್ಖಾನೆಯ ಬಾಗಿಲಲ್ಲಿಯೂ ಹತ್ತಿಯ ಹೊಲದಲ್ಲಿಯೂ ಭದ್ರವಾಗಿರಲಿಲ್ಲ. ಇವುಗಳ ಉಲ್ಲಂಘನೆಯನ್ನು ವಿಚಾರಿಸಲು ೧೯೩೬ರಲ್ಲಿ ಸೆನೇಟಿನ ಒಂದು ಉಪಸಮಿತಿ ನೇಮಕವಾಯಿತು. ವಿಸ್ಕಾನ್ಸಿನ್ ಪ್ರಾಂತದ ಸೆನೇಟರ್ ರಾಬರ್ಟ್ ಲಾ ಫಾಲೆಟ್ (ಕಿರಿಯ) ಅದರ ಅಧ್ಯಕ್ಷರು. ಕಾರ್ಮಿಕ ಸಂಘಗಳೊಳಗೆ ಕೂಲಿ ಗೂಢಚಾರರನ್ನು ಸೇರಿಸುವುದು, ಮಾಲೀಕರು ಖಾಸಗಿ ಪೊಲೀಸರನ್ನೂ ಅಶ್ರುವಾಯುವನ್ನೂ ಶೇಖರಿಸಿಡುವುದು ಮೊದಲಾದ ಸಂಗತಿಗಳನ್ನು ಆ ಸಮಿತಿಯು ಸಾಕ್ಷಿಗಳ ಬಾಯಿಂದಲೇ ಹೊರಡಿಸಿತು. ಇವನ್ನು ಆ ಕಾಲದವರು ಸಾಮಾನ್ಯವಾಗಿ ನಾಗರಿಕ ಸ್ವಾತಂತ್ರ್ಯಗಳೆಂದು ಕರೆಯುತ್ತಿದ್ದರು. ನಾಗರಿಕ ಹಕ್ಕುಗಳೆಂಬ ಮಾತು ಕಪ್ಪು ಜನರ ಸಮಾನತೆಯ ಹೋರಾಟಕ್ಕೆ ಹೆಚ್ಚಾಗಿ ಅಂಟಿಕೊಂಡದ್ದು ಎರಡನೆಯ ಮಹಾಯುದ್ಧದ ತರುವಾಯ. ಇವೆರಡೂ ಒಂದೇ ಬೇರಿನವೆಂದು ಕಂಡವರು ಆಗಲೂ ಇದ್ದರು. ಮುಂದೆ ಹೇಳುವ ಚಿತ್ರವನ್ನು ತೆಗೆದವರು ಅಂಥವರು.

ಸಮಿತಿಯ ಮುಂದೆ ಬಂದ ಸಾಕ್ಷ್ಯಗಳಲ್ಲಿ ಒಂದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ೧೯೩೭ರ ಮೇ ೩೦ರಂದು, ಷಿಕಾಗೋ ನಗರದ ರಿಪಬ್ಲಿಕ್ ಉಕ್ಕಿನ ಕಾರ್ಖಾನೆಯ ಬಳಿ ಮುಷ್ಕರ ಹೂಡಿದ್ದವರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಗುಂಪು ಮೇಲೆಬಿದ್ದುದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತೆಂದು ಮೊದಲು ಪತ್ರಿಕೆಗಳಲ್ಲಿ ಬಂದಿತು. ಆದರೆ ಸ್ಥಳದಲ್ಲಿ ಪ್ಯಾರಾಮೌಂಟ್ ಸಂಸ್ಥೆಯ ವಾರ್ತಾಚಿತ್ರದ ಛಾಯಾಗ್ರಾಹಕನೊಬ್ಬನಿದ್ದನು. ಪ್ರೇಕ್ಷಕರು ಉದ್ರೇಕಗೊಳ್ಳುವರೆಂಬ ಕಾರಣ ಹೇಳಿ ಸಂಸ್ಥೆಯು ಆ ಚಿತ್ರವನ್ನು ಬಿಡುಗಡೆ ಮಾಡಲಿಲ್ಲ. ಲಾ ಫಾಲೆಟ್ ಸಮಿತಿಯು ಅದನ್ನು ಅಧಿಕಾರದಿಂದ ತರಿಸಿಕೊಂಡು ನೋಡಿತು. ಓಡುತ್ತಿರುವವರನ್ನು ಬೆನ್ನಟ್ಟಿ ಹೊಡೆಯುತ್ತಿದ್ದುದು ಅದರಲ್ಲಿ ಸ್ಪಷ್ಟವಾಗಿತ್ತು. ಸತ್ತ ಹತ್ತು ಮಂದಿಯಲ್ಲಿ ಏಳು ಮಂದಿಗೆ ಬೆನ್ನಿಗೂ ಮೂವರಿಗೆ ಪಕ್ಕಕ್ಕೂ ಗುಂಡು ತಗುಲಿತ್ತೆಂದು ಸಮಿತಿಯು ವರದಿ ಮಾಡಿತು. ಇನ್ನೊಂದು ವಿವರವಿದೆ: ಗುಂಡಿನ ಸದ್ದು ಆರಂಭವಾದ ಕ್ಷಣಗಳು ಆ ಚಿತ್ರದಲ್ಲಿಲ್ಲ. ಆ ಹೊತ್ತಿನಲ್ಲಿ ತಾನು ಕ್ಯಾಮೆರಾದ ಮಸೂರವನ್ನು ಬದಲಾಯಿಸುತ್ತಿದ್ದೆನೆಂದು ಛಾಯಾಗ್ರಾಹಕನು ಹೇಳಿದನು. ಈ ಕೆಲವು ಸೆಕೆಂಡುಗಳ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಲಾ ಫಾಲೆಟ್ ಸಮಿತಿ ಬಯಲಿಗೆಳೆದ ಸಂಗತಿಗಳನ್ನು ಆಧರಿಸಿ 'ನೇಟಿವ್ ಲ್ಯಾಂಡ್', ಎಂದರೆ ತಾಯ್ನೆಲ, ಎಂಬ ಚಿತ್ರವನ್ನು ತೆಗೆದವರು ಲಿಯೊ ಹರ್ವಿಟ್ಸ್ ಮತ್ತು ಪ್ರಸಿದ್ಧ ಛಾಯಾಚಿತ್ರಕಾರ ಪಾಲ್ ಸ್ಟ್ರ್ಯಾಂಡ್. ೧೯೩೭ರಲ್ಲಿ ಸ್ಥಾಪಿತವಾದ ಫ್ರಾಂಟಿಯರ್ ಫಿಲ್ಮ್ಸ್ ಎಂಬ ಸಣ್ಣ ಸಂಸ್ಥೆ ಅವರದು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಎಳೆಯಿತು. ೧೯೪೨ರ ಮೇ ತಿಂಗಳಲ್ಲಿ ಚಿತ್ರವು ನ್ಯೂಯಾರ್ಕಿನಲ್ಲಿ ತೆರೆಕಂಡಾಗ ಅಮೆರಿಕವು ಯುದ್ಧಕ್ಕಿಳಿದು ಐದು ತಿಂಗಳಾಗಿತ್ತು. ಮಾಲೀಕರ ದೌರ್ಜನ್ಯವನ್ನು ಬಯಲುಮಾಡುವ ಚಿತ್ರಕ್ಕೆ ಅದು ಕಾಲವಾಗಿರಲಿಲ್ಲ. ಚಿತ್ರದ ಬಹುಭಾಗ ಪುನರಭಿನಯ. ಮಿಷಿಗನ್ನಿನ ರೈತನೊಬ್ಬನ ಕೊಲೆ, ಕ್ಲೀವ್‌ಲ್ಯಾಂಡಿನಲ್ಲಿ ಸಂಘದ ಕಾರ್ಯಕರ್ತನೊಬ್ಬನ ಕೊಲೆ, ಅರ್ಕಾನ್ಸಾದಲ್ಲಿ ವಾರಕ್ಕೆ ಉಳುವ ಇಬ್ಬರು ರೈತರನ್ನು, ಒಬ್ಬ ಬಿಳಿಯ ಒಬ್ಬ ಕರಿಯ, ಬೇಟೆಯಾಡಿ ಕೊಂದದ್ದು, ಸಂಘದೊಳಗೆ ನುಗ್ಗಿದ ಗೂಢಚಾರನ ಕಥೆ, ಫ್ಲಾರಿಡಾದಲ್ಲಿ ಕು ಕ್ಲಕ್ಸ್ ಕ್ಲಾನ್ ಪಂಗಡದವರು ನಡೆಸಿದ ಹಿಂಸೆ ಇವನ್ನೆಲ್ಲ ನಟರು ಅಭಿನಯಿಸಿದರು. ಷಿಕಾಗೋದ ಆ ಗುಂಡಿನ ದಿನದ ನಿಜವಾದ ದೃಶ್ಯಗಳೂ ಇದರಲ್ಲಿವೆ. ಹೀಗೆ ನಡೆದುದು, ನಡೆದಂತೆ ಮಾಡಿದುದು, ಎರಡೂ ಒಂದೇ ಸುರುಳಿಯಲ್ಲಿ ಸೇರಿಕೊಂಡವು.

ವ್ಯಾಖ್ಯಾನವನ್ನು ಬರೆದವರು ಡೇವಿಡ್ ವುಲ್ಫ್ ಎಂಬ ಹೆಸರಿನಲ್ಲಿ ಬೆನ್ ಮ್ಯಾಡೊ. ಅದನ್ನು ನುಡಿದವರೂ ಚಿತ್ರದಲ್ಲಿ ಹಾಡಿದವರೂ ಪಾಲ್ ರಾಬ್ಸನ್. ನಮ್ಮ ಹಿರಿಯ ಓದುಗರಿಗೆ ಈ ಹೆಸರು ಹೊಸದಲ್ಲ. ರಾಬ್ಸನ್ನರ ಅರುವತ್ತನೆಯ ಹುಟ್ಟುಹಬ್ಬವನ್ನು ೧೯೫೮ರಲ್ಲಿ ಭಾರತದಲ್ಲಿ ಆಚರಿಸಿದಾಗ ಜವಾಹರಲಾಲ್ ನೆಹರೂ ಅವರೇ ಅದಕ್ಕೆ ಬೆಂಬಲದ ಮಾತನ್ನಾಡಿದ್ದರು; ಆಗ ರಾಬ್ಸನ್ನರಿಗೆ ೧೯೫೦ರಿಂದಲೂ ರಹದಾರಿಪತ್ರ ನಿರಾಕರಿಸಲ್ಪಟ್ಟಿತ್ತು. ಚಿತ್ರಕ್ಕೆ ಸಂಗೀತ ರಚಿಸಿದವರು ಮಾರ್ಕ್ ಬ್ಲಿಟ್ಸ್‌ಸ್ಟೈನ್.

ಬ್ಲಿಟ್ಸ್‌ಸ್ಟೈನ್ ೧೯೦೫ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ನಾದಿಯಾ ಬುಲಾಂಜೆ ಅವರಲ್ಲಿಯೂ ಬರ್ಲಿನ್ನಿನಲ್ಲಿ ಷೋನ್‌ಬರ್ಗ್ ಅವರಲ್ಲಿಯೂ ವ್ಯಾಸಂಗ ಮಾಡಿದವರು. ಉಕ್ಕಿನ ಊರೊಂದರ ಕಾರ್ಮಿಕರನ್ನು ಕುರಿತ ಅವರ 'ದಿ ಕ್ರೇಡಲ್ ವಿಲ್ ರಾಕ್' ಎಂಬ ಸಂಗೀತನಾಟಕದ ಮೊದಲ ಪ್ರದರ್ಶನದ ಕಥೆ ಸ್ವಾರಸ್ಯವಾದದ್ದು. ೧೯೩೭ರ ಜೂನ್ ೧೬ರಂದು ನಾಟಕಶಾಲೆಗೆ ಬೀಗ ಬಿದ್ದಿತು. ತಂಡವು ಪ್ರೇಕ್ಷಕರೊಡನೆ ಬೇರೊಂದು ರಂಗಮಂದಿರಕ್ಕೆ ನಡೆದು ಹೋಯಿತು. ಸಂಘದ ನಿಯಮದಂತೆ ನಟರು ರಂಗವನ್ನೇರುವಂತಿರಲಿಲ್ಲವಾಗಿ, ಬ್ಲಿಟ್ಸ್‌ಸ್ಟೈನ್ ಒಬ್ಬರೇ ರಂಗದ ಮೇಲೆ ಪಿಯಾನೊ ಮುಂದೆ ಕುಳಿತರು, ನಟರು ಪ್ರೇಕ್ಷಕರ ನಡುವೆ ತಾವು ಕುಳಿತಲ್ಲಿಂದಲೇ ಎದ್ದು ಹಾಡಿದರು. ವಾದ್ಯವೃಂದವಿಲ್ಲದೆ ಹೋದುದರಿಂದಲೇ ಆ ನಾಟಕ ಚಿರಸ್ಮರಣೀಯವಾಯಿತು. ವಾದ್ಯಗಳು ಕಡಮೆಯಾದಷ್ಟೂ ಮಾತು ಗಟ್ಟಿಯಾಗುವುದೆಂಬ ಪಾಠವನ್ನು ಅದರ ಕರ್ತೃ ಅಂದೇ ಕಂಡಿರಬೇಕು.

ಇನ್ನು ರಚನೆಯ ಕೆಲಸವೆಂದರೇನು? ಕಛೇರಿಗಾಗಿ ಬರೆಯುವವನಿಗೆ ಕಾಲ ತನ್ನದು. ಚಿತ್ರಕ್ಕೆ ಬರೆಯುವವನಿಗೆ ಕಾಲವನ್ನು ಸಂಕಲನಕಾರನು ಅಳೆದು ಕೊಡುತ್ತಾನೆ, ಅದೂ ಗಜಕಡ್ಡಿಯಿಂದ ಅಳೆದಂತೆ, ಅಡಿಗಳಲ್ಲಿ. ೩೫ ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಒಂದು ಅಡಿಗೆ ೧೬ ಚಿತ್ರಚೌಕಗಳು. ಸೆಕೆಂಡಿಗೆ ೨೪ ಚೌಕಗಳಂತೆ ಓಡುವುದರಿಂದ ನಿಮಿಷಕ್ಕೆ ೯೦ ಅಡಿ. ದೃಶ್ಯವೊಂದು ೬೦ ಅಡಿ ಉದ್ದವಿದೆಯೆನ್ನೋಣ. ಅದು ೪೦ ಸೆಕೆಂಡು. ರಚಕನು ನಿಮಿಷಕ್ಕೆ ೯೬ ಮಾತ್ರೆಗಳ ನಡೆಯನ್ನು ಆರಿಸಿಕೊಂಡರೆ ಒಂದು ಮಾತ್ರೆಗೆ ಸರಿಯಾಗಿ ೧೫ ಚೌಕಗಳು. ಆ ದೃಶ್ಯಕ್ಕೆ ೬೪ ಮಾತ್ರೆ, ಎಂದರೆ ನಾಲ್ಕು ಮಾತ್ರೆಗಳ ಹದಿನಾರು ಆವರ್ತ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತು! ಆದರೆ ಮಾರನೆಯ ದಿನ ಸಂಕಲನಕಾರನು ಆ ದೃಶ್ಯದಿಂದ ಐದು ಅಡಿಗಳನ್ನು ಕತ್ತರಿಸುತ್ತಾನೆ. ಐದು ಅಡಿಗೆ ೮೦ ಚೌಕ. ಐದು ಮಾತ್ರೆ ತುಂಬಿ ಆರನೆಯದರ ಮೂರನೆಯ ಒಂದು ಭಾಗ. ಕತ್ತರಿಯು ಆವರ್ತದ ನಡುವೆ, ಮಾತ್ರೆಯ ಒಳಗೇ ಬಿದ್ದಿತು. ರಚಕನು ನಡೆಯನ್ನು ಬದಲಾಯಿಸಬೇಕು, ಇಲ್ಲವೆ ಒಂದು ಸ್ವರವನ್ನು ಹಿಡಿದು ನಿಲ್ಲಿಸಿ ಚಿತ್ರವು ತನ್ನನ್ನು ಬಂದು ಸೇರುವವರೆಗೆ ಕಾಯಬೇಕು, ಇಲ್ಲವೆ ಎಲ್ಲವನ್ನೂ ಮತ್ತೆ ಬರೆಯಬೇಕು. ವರ್ಷಗಟ್ಟಲೆ ಎಳೆದ ಚಿತ್ರದಲ್ಲಿ ಇಂತಹ ಕತ್ತರಿಪ್ರಯೋಗಗಳಿಗೆ ಕೊನೆಯುಂಟೇ?

ವಾದ್ಯಗಳ ಆಯ್ಕೆಯಲ್ಲಿಯೂ ರಚಕನು ಸ್ವತಂತ್ರನಲ್ಲ. ಆ ಕಾಲದಲ್ಲಿ ಧ್ವನಿಯನ್ನು ಬೆಳಕಿನ ಸಹಾಯದಿಂದ ಫಿಲ್ಮಿನ ಅಂಚಿನಲ್ಲಿಯೇ ಮುದ್ರಿಸುತ್ತಿದ್ದರು. ಅತಿ ಮೆಲ್ಲನೆಯ ನಾದ ಫಿಲ್ಮಿನ ಸ್ವಂತ ಸರಸರ ಸದ್ದಿನಲ್ಲಿ ಮುಳುಗುತ್ತಿತ್ತು. ಅತಿ ಜೋರಾದದ್ದು ಒಡೆದು ಕೇಳಿಸುತ್ತಿತ್ತು. ಹಲವಾರು ಪಿಟೀಲುಗಳ ಮೃದುವಾದ ಸಮೂಹನಾದಕ್ಕಿಂತ ಒಂಟಿಯಾದ ಓಬೊ, ಕ್ಲಾರಿಯೊನೆಟ್, ಕಹಳೆಗಳ ಸ್ಪಷ್ಟ ರೇಖೆ ಅಂತಹ ಮುದ್ರಣದಲ್ಲಿ ಚೆನ್ನಾಗಿ ನಿಲ್ಲುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ನಿರ್ಬಂಧ ವ್ಯಾಖ್ಯಾನಕಾರನ ಕಂಠ. ರಾಬ್ಸನ್ನರದು ಗಂಭೀರವಾದ ಮಂದ್ರಸ್ಥಾಯಿಯ ಶಾರೀರ. ಚೆಲೊ, ಬಸೂನ್, ಟ್ರೊಂಬೋನ್ ಮುಂತಾದ ವಾದ್ಯಗಳು ಬೀಡುಬಿಟ್ಟಿರುವುದೂ ಅದೇ ಸ್ಥಾಯಿಯಲ್ಲಿ. ಅವರು ಮಾತನಾಡುವಾಗ ಆ ವಾದ್ಯಗಳು ತುಂಬು ನಾದ ಹೊರಡಿಸಿದರೆ ಮಾತು ಕೆಸರಿನಲ್ಲಿ ಇಳಿದಂತಾಗುತ್ತದೆ. ಆದುದರಿಂದ ಮಾತಿನ ಕೆಳಗೆ ಬರೆಯುವ ಸಂಗೀತ ತಾರಸ್ಥಾಯಿಗೆ ಏರಬೇಕು, ಇಲ್ಲವೆ ತೆಳುವಾಗಬೇಕು, ಇಲ್ಲವೆ ವಾಕ್ಯ ಮುಗಿಯುವವರೆಗೆ ಬಾಯಿ ಮುಚ್ಚಿ ನಿಲ್ಲಬೇಕು. ಇದು ಸೌಂದರ್ಯದ ಪ್ರಶ್ನೆಯಾಗುವ ಮೊದಲೇ ಕೇಳಿಸುವುದರ ಪ್ರಶ್ನೆ.

ಆದರೆ ಮಾತನಾಡುವ ಕಂಠವೇ ಹಾಡಲೂ ತೊಡಗಿದಾಗ ಪರಿಸ್ಥಿತಿ ಬೇರೆಯಾಗುತ್ತದೆ. ವರದಿಯನ್ನು ಓದಿ ಹೇಳುತ್ತಿದ್ದವನೇ ಒಂದು ಘಟ್ಟದಲ್ಲಿ ಹಾಡಿಗಿಳಿದರೆ, ವರದಿ ಮುಗಿದು ಶೋಕ ಮೊದಲಾಯಿತೆಂದು ಕೇಳುವವನಿಗೆ ತಾನಾಗಿಯೇ ತಿಳಿಯುತ್ತದೆ. ಹರಿಕಥೆಯ ದಾಸರು ಮಾತಿನಿಂದ ಪದಕ್ಕೆ ದಾಟುವುದನ್ನು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. 'ನೇಟಿವ್ ಲ್ಯಾಂಡ್' ಸಂಗೀತದ ಅತ್ಯುತ್ತಮ ಗುಣ ನನ್ನ ದೃಷ್ಟಿಯಲ್ಲಿ ಇದೇ. ಇಲ್ಲಿ ಭಾವವು ಒಬ್ಬ ಮನುಷ್ಯನ ಕಂಠದಿಂದ, ಅವನ ಹೆಸರಿನ ಹೊಣೆಯ ಮೇಲೆ ಬರುತ್ತದೆ. ಯಾರು ಮರುಗುತ್ತಿದ್ದಾರೆಂಬುದು ನಮಗೆ ಗೊತ್ತು. ವಾದ್ಯವೃಂದವು ಮಾತ್ರ ಮರುಗಿದಾಗ ಹಾಗಲ್ಲ. ಆ ಮರುಕ ಘಟನೆಯಿಂದಲೇ ಒಸರಿದಂತೆ ತೋರಿ, ಅದಕ್ಕೆ ಕರ್ತೃವೇ ಇಲ್ಲವಾಗುತ್ತದೆ. ನಮ್ಮ ವಿದ್ಯಾರ್ಥಿನಿಯು ಮೋಸಹೋದದ್ದು ಅಲ್ಲಿ.

ಅರ್ಕಾನ್ಸಾದ ಭಾಗವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಪ್ರಾಂತದಲ್ಲಿ ೧೯೩೪ರಲ್ಲಿ ಹುಟ್ಟಿದ ದಕ್ಷಿಣದ ಗೇಣಿದಾರರ ಸಂಘವು ಬಿಳಿಯರನ್ನೂ ಕರಿಯರನ್ನೂ ಒಟ್ಟಿಗೆ ಸೇರಿಸಿಕೊಂಡಿತ್ತು. ಅದೇ ಅದರ ಮೇಲಿನ ದ್ವೇಷಕ್ಕೆ ಹೆಚ್ಚಿನ ಕಾರಣವಾಯಿತು. ಓಡಿಹೋಗುತ್ತಿರುವ ಇಬ್ಬರಲ್ಲಿ ಒಬ್ಬನು ಬಿಳಿಯ, ಒಬ್ಬನು ಕರಿಯ. ಸಂಗೀತರಚಕನು ಇಲ್ಲಿ ಏನು ಮಾಡಬೇಕು? ಕರಿಯನಿಗೆ ಒಂದು ರಾಗ, ಬಿಳಿಯನಿಗೆ ಒಂದು ರಾಗವೆಂದು ಹಂಚಿದರೆ ಸಂಘವು ಕೂಡಿಸಿದುದನ್ನು ವಾದ್ಯವೃಂದ ಬೇರ್ಪಡಿಸಿದಂತೆ. ಓಟಕ್ಕೆ ಓಟದ ನಡೆ, ಗುಂಡಿಗೆ ಮದ್ದಳೆಯ ಪೆಟ್ಟು ಎಂದು ಜೋಡಿಸುತ್ತ ಹೋದರೆ ಕೊಲೆಯು ಬೇಟೆಯ ಚಿತ್ರದಂತೆ ರೋಚಕವಾಗಿಬಿಡುತ್ತದೆ. ಪ್ರೇಕ್ಷಕನು ತನಗರಿವಿಲ್ಲದೆಯೇ ಬೆನ್ನಟ್ಟುವವರ ವೇಗದಲ್ಲಿ ಉಸಿರಾಡತೊಡಗುತ್ತಾನೆ. ನಾಗರಿಕ ಹಕ್ಕುಗಳ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಸಾಮಾನ್ಯ ಕಥಾಚಿತ್ರದಲ್ಲಿ ಪ್ರೇಕ್ಷಕನನ್ನು ಕುರ್ಚಿಯ ತುದಿಗೆ ತರುವುದೇ ಗೆಲುವು. ಇಲ್ಲಿ ಅದೇ ಸತ್ತವರಿಗೆ ಮಾಡಿದ ಅನ್ಯಾಯವಾಗಬಹುದು.

ಈ ಪ್ರಶ್ನೆಯನ್ನು ಆ ಕಾಲದಲ್ಲಿ ಶಾಸ್ತ್ರೀಯವಾಗಿ ಚರ್ಚಿಸಿದವರು ಹಾನ್ಸ್ ಐಸ್ಲರ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದಿದ್ದ ಅವರು ೧೯೪೦ರಿಂದ ಕೆಲವು ವರ್ಷ ಚಲಚ್ಚಿತ್ರ ಸಂಗೀತದ ಮೇಲೆ ಪ್ರಯೋಗಗಳನ್ನು ನಡೆಸಿದರು. ಅದರ ಫಲವಾಗಿ ತಿಯೋಡರ್ ಅಡೋರ್ನೊ ಅವರೊಡನೆ ಸೇರಿ ಸಿದ್ಧಪಡಿಸಿದ ಗ್ರಂಥ ೧೯೪೭ರಲ್ಲಿ ಹೊರಬಂದಿತು. ಸಂಗೀತವು ತೆರೆಯ ಮೇಲೆ ಕಾಣುವುದನ್ನೇ ಮತ್ತೆ ಹೇಳಬಾರದು, ಕೇಳಿಸದಂತೆ ಅಡಗಿಕೊಂಡೂ ಇರಬಾರದು, ದೃಶ್ಯಕ್ಕೆ ಎದುರಾಗಿ ನಿಂತು ತನ್ನ ಮಾತನ್ನು ಹೇಳಬೇಕು ಎಂಬುದು ಅವರ ಅಭಿಪ್ರಾಯ. ೧೯೫೫ರಲ್ಲಿ ಫ್ರೆಂಚ್ ನಿರ್ದೇಶಕ ಅಲೆನ್ ರೆನೆ ಅವರು ನಾಟ್ಸಿಗಳ ಸೆರೆಶಿಬಿರಗಳನ್ನು ಕುರಿತು ತೆಗೆದ ಚಿತ್ರಕ್ಕೆ ಐಸ್ಲರ್ ಈ ತತ್ವವನ್ನು ಅನ್ವಯಿಸಿದರು. ಅಲ್ಲಿ ದೃಶ್ಯವು ಭೀಕರವಾದಷ್ಟೂ ಸಂಗೀತ ತೆಳುವಾಗುತ್ತದೆ. ಐಸ್ಲರ್ ಅವರ ವಾದವೆಲ್ಲವನ್ನೂ ನಾನು ಒಪ್ಪಲಾರೆ. ಎಲ್ಲ ದೃಶ್ಯಕ್ಕೂ ಸಂಗೀತವು ಎದುರುನುಡಿಯುತ್ತ ಹೋದರೆ ಅದೂ ಒಂದು ಚಾಳಿಯಾಗುತ್ತದೆ. ಆದರೆ ಮೊದಲನೆಯ ಮಾತು, ಕಂಡುದನ್ನೇ ಮತ್ತೆ ಹೇಳಬಾರದೆಂಬುದು, ಇತಿಹಾಸಕಾರನಿಗೂ ಹಿತವಾದುದೇ.

ಎರಡನೆಯ ಉದಾಹರಣೆಯಾಗಿ ೧೯೪೮ರ 'ದಿ ಕ್ವಯಟ್ ಒನ್' ಎಂಬ ಚಿತ್ರ, ಎಂದರೆ ಮೌನಿ. ಆ ವರ್ಷವೇ ಗಮನಾರ್ಹವಾದುದು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ನಾಗರಿಕ ಹಕ್ಕುಗಳ ಸಮಿತಿಯ ವರದಿ ಹಿಂದಿನ ವರ್ಷ ಬಂದಿತ್ತು. ೧೯೪೮ರ ಜುಲೈ ೨೬ರಂದು ಸೇನೆಯಲ್ಲಿ ವರ್ಣಭೇದವನ್ನು ರದ್ದುಗೊಳಿಸುವ ಆಜ್ಞೆ ಹೊರಟಿತು. ಸಿಡ್ನಿ ಮೇಯರ್ಸ್ ನಿರ್ದೇಶಿಸಿದ ಈ ಚಿತ್ರದ ಕಥಾನಾಯಕ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಡೊನಾಲ್ಡ್ ಎಂಬ ಕಪ್ಪು ಹುಡುಗ. ತಾಯಿಯಿಂದ ದೂರವಾಗಿ, ಅಜ್ಜಿಯ ಮನೆಯಲ್ಲಿ ಪೆಟ್ಟು ತಿಂದು, ಬೀದಿಯಲ್ಲಿ ಅಲೆದು, ಮಾತನ್ನೇ ಬಿಟ್ಟಿರುವ ಅವನು ವಿಲ್ಟ್‌ವಿಕ್ ಎಂಬ ಬಾಲಕರ ಶಾಲೆಯಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುವುದೇ ವಸ್ತು. ವ್ಯಾಖ್ಯಾನವನ್ನು ಬರೆದವರು ಜೇಮ್ಸ್ ಏಜಿ. ಚಿತ್ರದಲ್ಲಿ ಜನಾಂಗ ಸಮಸ್ಯೆಯನ್ನು ಕುರಿತು ಭಾಷಣವಿಲ್ಲ. ಇದು ದೋಷವೆಂದು ಆಕ್ಷೇಪಿಸಬಹುದು. ಕಪ್ಪು ಹುಡುಗನಿಗೂ ಒಳಜೀವನವೊಂದಿದೆ, ಅದು ಬೇರೆ ಯಾವ ಹುಡುಗನದರಷ್ಟೇ ಸೂಕ್ಷ್ಮವಾದದ್ದು ಎಂದು ತೋರಿಸುವುದೇ ಅಂದಿನ ಅಮೆರಿಕದಲ್ಲಿ ಒಂದು ಹಕ್ಕುಸ್ಥಾಪನೆಯಾಗಿತ್ತೆಂದು ನನಗೆ ತೋರುತ್ತದೆ.

ಈ ಒಳಜೀವನಕ್ಕೆ ನಾಲಗೆಯಾದವರು ಯುಲಿಸೀಸ್ ಕೇ. ಇವರು ೧೯೧೭ರಲ್ಲಿ ಅರಿಜೋನಾ ಪ್ರಾಂತದ ಟೂಸಾನ್‌ನಲ್ಲಿ ಹುಟ್ಟಿದ ಕಪ್ಪು ಸಂಗೀತರಚಕರು. ಜಾಝ್ ಲೋಕದ ಹೆಸರಾಂತ ಕಿಂಗ್ ಆಲಿವರ್ ಅವರ ಸೋದರಳಿಯ. ಈಸ್ಟ್‌ಮನ್ ಸಂಗೀತಶಾಲೆಯಲ್ಲಿಯೂ ಹಿಂಡೆಮಿಟ್ ಅವರಲ್ಲಿಯೂ ಕಲಿತು, ಯುದ್ಧಕಾಲದಲ್ಲಿ ನೌಕಾಪಡೆಯ ಬ್ಯಾಂಡಿನಲ್ಲಿ ಕೆಲಸಮಾಡಿದರು. ಹಾರ್ಲೆಮ್ ಎಂದೊಡನೆ ಜಾಝ್ ಬರಬೇಕು, ಕಪ್ಪು ರಚಕನೆಂದೊಡನೆ ಬ್ಲೂಸ್ ಬರಬೇಕು ಎಂದು ಎಣಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕೇ ಅವರ ಒಟ್ಟು ಕೃತಿರಾಶಿಯ ಒಲವು ಬೇರೆ. ಸ್ವರಗಳ ಹಲವು ಎಳೆಗಳನ್ನು ಒಂದರ ಮೇಲೊಂದು ಹೆಣೆಯುವ, ಸಂಯಮದ, ಯೂರೋಪಿನ ಶಾಸ್ತ್ರೀಯ ಪರಂಪರೆಯನ್ನು ಅರಗಿಸಿಕೊಂಡ ಮಾರ್ಗ ಅವರದು. ಹಾರ್ಲೆಮಿನ ಬೀದಿಯಲ್ಲಿ ಅಲೆಯುವ ಹುಡುಗನಿಗೆ ಅವರು ಬೀದಿಯ ಬಣ್ಣವನ್ನಲ್ಲ, ಒಂಟಿತನದ ವ್ಯಾಕರಣವನ್ನು ಕೊಟ್ಟರು. ಈ ಸಂಗೀತದಿಂದ ಆಯ್ದು ಅವರು ಕಛೇರಿಗಾಗಿ ಒಂದು ವಾದ್ಯವೃಂದಮಾಲಿಕೆಯನ್ನೂ ಸಿದ್ಧಪಡಿಸಿದರು; ದೃಶ್ಯದ ಆಸರೆಯಿಲ್ಲದೆಯೂ ಅದು ನಿಲ್ಲಬಲ್ಲುದೆಂಬ ಭರವಸೆ ಅವರಿಗಿತ್ತು. ೧೯೫೮ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದ ಅಮೆರಿಕನ್ ಸಂಗೀತರಚಕರ ಮೊದಲ ನಿಯೋಗದಲ್ಲಿ ಇವರೂ ಒಬ್ಬರಾಗಿದ್ದರು.

'ದಿ ಕ್ವಯಟ್ ಒನ್' ಚಿತ್ರವನ್ನು ಮಟ್ಟಿಗೆ ಮೂಕವಾಗಿಯೇ ಚಿತ್ರಿಸಿ, ಧ್ವನಿಯನ್ನು ಅನಂತರ ಸೇರಿಸಿದರು. ಎಂದರೆ ನಮಗೆ ಕೇಳಿಸುವುದರಲ್ಲಿ ಬಹುಪಾಲು ಚಿತ್ರಣಕಾಲದಲ್ಲಿ ಇರಲಿಲ್ಲ. ಹುಡುಗ ಮಾತನಾಡುವುದಿಲ್ಲ, ವ್ಯಾಖ್ಯಾನವು ಶಾಲೆಯ ಮನೋವೈದ್ಯನ ಬಾಯಿಂದ ಬರುತ್ತದೆ, ಉಳಿದುದನ್ನು ವಾದ್ಯಗಳು ಹೇಳುತ್ತವೆ. ಇಲ್ಲಿ ಇತಿಹಾಸಕಾರನು ಎಚ್ಚರಗೊಳ್ಳಬೇಕು. ನಾವು ಒಬ್ಬ ದೊರೆಯನ್ನು ಕುರಿತು ಬರೆಯುವಾಗ 'ಈ ಸುದ್ದಿಯಿಂದ ಅವನು ವ್ಯಥೆಗೊಂಡನು' ಎಂದು ಬರೆದರೆ, ಪರೀಕ್ಷಕನು ಅಂಚಿನಲ್ಲಿ 'ಆಧಾರ?' ಎಂದು ಗುರುತು ಹಾಕುತ್ತಾನೆ. ಓಬೊ ಒಂದು ಅದೇ ವಾಕ್ಯವನ್ನು ನುಡಿದರೆ ಯಾರೂ ಗುರುತು ಹಾಕುವುದಿಲ್ಲ. ಕೇ ಅವರ ಸಂಗೀತವು ಸುಳ್ಳೆಂದು ಇದರರ್ಥವಲ್ಲ. ಅದು ಅನುಮಾನಪ್ರಮಾಣ, ಪ್ರತ್ಯಕ್ಷವಲ್ಲ. ಒಬ್ಬ ಕಪ್ಪು ಮನುಷ್ಯನು, ತಾನು ಅರಿತ ಬಾಳಿನ ಬಲದಿಂದ, ಇನ್ನೊಬ್ಬ ಕಪ್ಪು ಹುಡುಗನ ಮೌನವನ್ನು ಕುರಿತು ಮಾಡಿದ ಊಹೆ. ಆ ದೃಷ್ಟಿಯಿಂದ ನೋಡಿದರೆ ಸಂಗೀತವೂ ೧೯೪೮ನೆಯ ಇಸವಿಯ ಒಂದು ದಾಖಲೆಯೇ ಆಗುತ್ತದೆ. ಅದು ಡೊನಾಲ್ಡನ ದಾಖಲೆಯಲ್ಲ, ಯುಲಿಸೀಸ್ ಕೇ ಅವರ ದಾಖಲೆ.

ಇದೇ ವರ್ಷ ಹರ್ವಿಟ್ಸ್ ಅವರು 'ಸ್ಟ್ರೇಂಜ್ ವಿಕ್ಟರಿ' ಎಂಬ ಇನ್ನೊಂದು ಚಿತ್ರವನ್ನು ತೆಗೆದರು. ಸಂಗೀತ ಡೇವಿಡ್ ಡೈಮಂಡ್ ಅವರದು. ಹಿಟ್ಲರನನ್ನು ಸೋಲಿಸಿ ಬಂದ ದೇಶದಲ್ಲಿ ಅವನ ಜನಾಂಗದ್ವೇಷವೇ ಉಳಿದುಕೊಂಡಿರುವುದನ್ನು ಅದು ಎತ್ತಿ ತೋರಿಸುತ್ತದೆ. ಯುದ್ಧದಲ್ಲಿ ವಿಮಾನ ನಡೆಸಿದ ಕಪ್ಪು ಯೋಧನಿಗೆ ಊರಿಗೆ ಬಂದಮೇಲೆ ವಿಮಾನಸಂಸ್ಥೆಯಲ್ಲಿ ಕೆಲಸವಿಲ್ಲ. ೧೯೬೪ರಲ್ಲಿ, ನಾಗರಿಕ ಹಕ್ಕುಗಳ ಕಾಯಿದೆ ಅಂಗೀಕ್ರತವಾದ ವರ್ಷ, ಹೊಸ ದೃಶ್ಯಗಳನ್ನು ಸೇರಿಸಿ ಇದನ್ನು ಮತ್ತೆ ಬಿಡುಗಡೆ ಮಾಡಿದರು.

ಆದರೆ ಆ ವೇಳೆಗೆ ವಾದ್ಯವೃಂದದ ಕಾಲವೇ ಮುಗಿಯುತ್ತ ಬಂದಿತ್ತು. ಇದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ೧೯೬೦ರ ಸುಮಾರಿಗೆ ಹೆಗಲಮೇಲೆ ಹೊತ್ತು ತಿರುಗಬಹುದಾದ ಕ್ಯಾಮೆರಾವೂ ಅದರೊಡನೆ ಕೂಡಿ ಓಡುವ ಧ್ವನಿಯಂತ್ರವೂ ಬಳಕೆಗೆ ಬಂದವು. ೧೯೬೩ರಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯಕ್ಕೆ ಕಪ್ಪು ವಿದ್ಯಾರ್ಥಿಗಳ ಪ್ರವೇಶದ ಬಿಕ್ಕಟ್ಟನ್ನು ಅಧಿಕಾರಿಗಳ ಕೊಠಡಿಯೊಳಗಿನಿಂದಲೇ ಚಿತ್ರಿಸಿದವರು ಆ ಸಲಕರಣೆಯನ್ನು ಬಳಸಿದರು. ಸ್ಥಳದ ಸದ್ದೇ ಸಿಕ್ಕುವಾಗ ಅನಂತರ ಕಟ್ಟಿದ ಸದ್ದು ಕೃತಕವಾಗಿ ಕೇಳಿಸತೊಡಗಿತು. ಇನ್ನೊಂದು ಕಾರಣ, ಹೋರಾಟವೇ ಹಾಡುತ್ತಿತ್ತು. ಇಗರ್ಜಿಗಳಲ್ಲಿ, ಮೆರವಣಿಗೆಗಳಲ್ಲಿ, ಸೆರೆಮನೆಯ ವಾಹನಗಳಲ್ಲಿ ಸಾವಿರಾರು ಜನ ಹಾಡುತ್ತಿರುವಾಗ ಅವರ ಪರವಾಗಿ ಹಾಡಲು ಪಿಟೀಲುಗಳೇಕೆ? ಜನರ ಹಾಡು ಘಟನೆಯ ಒಳಗಿನದು, ಅದು ಪ್ರತ್ಯಕ್ಷಸಾಕ್ಷ್ಯ.

ಇದರಿಂದ ಒಂದು ಅನಿರೀಕ್ಷಿತವಾದ ಕಷ್ಟವೂ ಬಂದಿತು. ೧೯೮೭ರಿಂದ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ 'ಐಸ್ ಆನ್ ದಿ ಪ್ರೈಜ್' ಎಂಬ ಚಿತ್ರಮಾಲೆಯು ಈ ಹೋರಾಟದ ಅತ್ಯಂತ ಸಮಗ್ರವಾದ ಚಿತ್ರಚರಿತ್ರೆ, ಹದಿನಾಲ್ಕು ಕಂತುಗಳುಳ್ಳದ್ದು. ಅದರಲ್ಲಿ ಬಳಸಿದ ಹಳೆಯ ದೃಶ್ಯ, ಛಾಯಾಚಿತ್ರ, ಹಾಡು ಇವುಗಳಿಗೆ ಗೊತ್ತಾದ ಅವಧಿಗೆ ಮಾತ್ರ ಹಕ್ಕು ಪಡೆದಿದ್ದರು. ೧೯೯೦ರ ದಶಕದಲ್ಲಿ ಅವಧಿ ತೀರಿತು. ಚಿತ್ರಮಾಲೆಯು ವರ್ಷಗಟ್ಟಲೆ ಪ್ರಸಾರದಿಂದಲೂ ಮಾರಾಟದಿಂದಲೂ ಮರೆಯಾಗಿ, ಹಣ ಒದಗಿಸಿ ಹಕ್ಕುಗಳನ್ನು ನವೀಕರಿಸಿದ ಮೇಲೆ ೨೦೦೬ರಲ್ಲಿ ಮತ್ತೆ ಪ್ರಸಾರವಾಯಿತು. ನಾಗರಿಕ ಹಕ್ಕುಗಳ ಇತಿಹಾಸವು ಕೃತಿಸ್ವಾಮ್ಯದ ಹಕ್ಕಿನಿಂದ ತಡೆಹಿಡಿಯಲ್ಪಟ್ಟಿತು. ಚಿತ್ರಕ್ಕೆಂದೇ ಬರೆಯಿಸಿ, ಹಕ್ಕನ್ನು ಚಿತ್ರದೊಡನೆಯೇ ಕಟ್ಟಿಹಾಕಿದ ಸ್ವರಪ್ರಸ್ತಾರಕ್ಕೆ ಈ ಗತಿ ಬರಲಾರದು. ಕೃತಕವೆಂದು ಕೈಬಿಟ್ಟ ವಾದ್ಯವೃಂದಕ್ಕೆ ಹೀಗೊಂದು ವ್ಯಾವಹಾರಿಕ ಸಮರ್ಥನೆಯಿರುವುದನ್ನು ಅಲ್ಲಗಳೆಯಲಾಗದು.

ಕಾಲೇಜುಗಳಲ್ಲಿ ಇಂತಹ ಚಿತ್ರಗಳನ್ನು ತೋರಿಸುವ ಸಹೋದ್ಯೋಗಿಗಳಿಗೆ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ತಿಳಿಸಬಹುದು. ಆಯ್ದ ಐದಾರು ನಿಮಿಷಗಳ ಭಾಗವನ್ನು ಮೊದಲು ಧ್ವನಿಯಿಲ್ಲದೆ ತೋರಿಸಿ, ಕಂಡದ್ದನ್ನು ಮಾತ್ರ ಬರೆಯಿಸುತ್ತೇನೆ. ಆಮೇಲೆ ತೆರೆಯನ್ನು ಮುಚ್ಚಿ ಧ್ವನಿಯನ್ನು ಮಾತ್ರ ಕೇಳಿಸುತ್ತೇನೆ. ವಾದ್ಯಗಳು ಎಲ್ಲಿ ತೊಡಗಿದವು, ಎಲ್ಲಿ ನಿಂತವು, ನಿಂತಾಗ ಯಾರು ಮಾತನಾಡುತ್ತಿದ್ದರು ಎಂಬುದನ್ನು ಗುರುತಿಸಲು ಹೇಳುತ್ತೇನೆ. ಮೂರನೆಯ ಸಲ ಎರಡನ್ನೂ ಸೇರಿಸಿ ನೋಡುತ್ತೇವೆ. ಮೊದಲ ಬರಹದಲ್ಲಿ ಇಲ್ಲದೆ ಮೂರನೆಯದರಲ್ಲಿ ಕಾಣಿಸಿಕೊಂಡ ವಾಕ್ಯಗಳ ಕೆಳಗೆ ಗೆರೆ ಎಳೆಯಿಸುತ್ತೇನೆ. ಸಂಗೀತದ ಪರಿಚಯ ಇದಕ್ಕೆ ಬೇಕಾಗಿಲ್ಲ. ಒಂದು ಗಂಟೆಯ ಅವಧಿ ಸಾಕು.

ಕಳೆದ ಸಲ ಷಿಕಾಗೋದ ದೃಶ್ಯಗಳನ್ನು ಹೀಗೆ ನೋಡಿದಾಗ ಒಬ್ಬ ವಿದ್ಯಾರ್ಥಿಯು, ಮಸೂರ ಬದಲಾಯಿಸಿದ ಆ ಕೆಲವು ಸೆಕೆಂಡುಗಳ ಮೇಲೆ ಸಂಗೀತವಿರಬೇಕೋ ಬೇಡವೋ ಎಂದು ಕೇಳಿದನು. ಸೆನೇಟಿನ ಕೊಠಡಿಯಲ್ಲಿ ಆ ಚಿತ್ರವನ್ನು ನೋಡಿದವರ ಮುಂದೆ ವಾದ್ಯವೃಂದವಿರಲಿಲ್ಲ. ಅವರಿಗೆ ಅಲ್ಲೊಂದು ತೆರಪಿದೆಯೆಂಬುದು ಗೊತ್ತಾಯಿತು, ಅದನ್ನು ಕುರಿತು ಸಾಕ್ಷಿಯನ್ನು ಪ್ರಶ್ನಿಸಿದರು. ಅದೇ ತುಣುಕು ಸ್ವರಗಳಿಂದ ತುಂಬಿದ ಚಿತ್ರವೊಂದರೊಳಗೆ ಸೇರಿದಾಗ, ಒಂದು ರಾಗವು ತೆರಪಿನ ಈಚೆಯಿಂದ ಆಚೆಗೆ ನಿಲ್ಲದೆ ಹರಿದರೆ ತೆರಪು ಹೊಲಿದುಹೋಗುತ್ತದೆ, ನೋಡುವವನಿಗೆ ಅದು ಕಾಣುವುದೇ ಇಲ್ಲ. ಸಂಗೀತ ಅಲ್ಲಿ ನಿಂತರೆ ಅದೂ ಒಬ್ಬ ರಚಕನು ಬೇಕೆಂದು ಮಾಡಿದ ನಿರ್ಣಯ. ಆದರೆ ಆ ನಿರ್ಣಯದಲ್ಲಿ ತೆರಪು ತೆರಪಾಗಿ ಉಳಿಯುತ್ತದೆ. ನಿಲ್ಲಬೇಕೆಂದು ನಾನು ಹೇಳಿದೆ. ಆ ಹುಡುಗ ಒಪ್ಪಲಿಲ್ಲ. ಸತ್ತ ಹತ್ತು ಮಂದಿಗೆ ಆ ಕ್ಷಣದಲ್ಲಿ ಕ್ಯಾಮೆರಾವೂ ಇರಲಿಲ್ಲ, ಸಂಗೀತವನ್ನಾದರೂ ಕೊಡಬಾರದೇ ಎಂದನು. ಗಂಟೆ ಹೊಡೆಯಿತು, ಈ ವರ್ಷದ ತರಗತಿಯಲ್ಲಿ ಅಲ್ಲಿಂದಲೇ ಆರಂಭಿಸಬೇಕೆಂದಿದ್ದೇನೆ.